ಪಾರ್ಲರಿನ ಮ್ಯಾನಿಕ್ಯೂರ್‌ಗಳಲ್ಲಿ ನಿಮ್ಮ ಕೈಗೆ ಯಾವುದು ಸರಿ? ಮಲೆನಾಡಿನವರಿಗೊಂದು ಹೋಲಿಕೆಯ ಮಾರ್ಗದರ್ಶಿ

ಶಿವಮೊಗ್ಗದಂಥ ಊರಿನ ಬ್ಯೂಟಿ ಪಾರ್ಲರ್‌ಗಳಲ್ಲೂ ಈಗ ಮ್ಯಾನಿಕ್ಯೂರ್, ಅಂದರೆ ಕೈ ಮತ್ತು ಉಗುರಿನ ಆರೈಕೆ, ಮಾಡಿಸಬೇಕೆಂದರೆ ‘ಯಾವುದು?’ ಎಂಬ ಮರುಪ್ರಶ್ನೆ ಬರುತ್ತದೆ. ಸಾದಾ, ಸ್ಪಾ, ಪ್ಯಾರಾಫಿನ್, ಫ್ರೆಂಚ್, ಜೆಲ್, ಡಿಪ್ ಪೌಡರ್, ಎಕ್ಸ್‌ಟೆನ್ಶನ್ ಎಂದು ದರಪಟ್ಟಿ ಕೆಳಕ್ಕೆ ಇಳಿದಂತೆ ದರ ಮೇಲಕ್ಕೆ ಏರುತ್ತದೆ. ಗೋಡೆಯ ಮೇಲಿನ ಚಿತ್ರಗಳಲ್ಲಿ ಎಲ್ಲ ಉಗುರುಗಳೂ ಒಂದೇ ರೀತಿ ಹೊಳೆಯುವುದರಿಂದ ಹೆಚ್ಚಿನವರು ಹಚ್ಚಿಸಿಕೊಂಡ ದಿನದ ಅಂದವನ್ನು ನೋಡಿ, ಇಲ್ಲವೇ ಗೆಳತಿ ಮಾಡಿಸಿದ್ದನ್ನು ನೋಡಿ ಆರಿಸಿಬಿಡುತ್ತಾರೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡಿವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಎರಡು ಮೂರು ವಾರ ಈ ಕೈಗಳು ಏನೇನು ಕೆಲಸ ಮಾಡಬೇಕಾಗಿದೆ? ಹಚ್ಚಿಸಿಕೊಂಡದ್ದನ್ನು ಕೊನೆಗೆ ಯಾರು, ಎಲ್ಲಿ, ಹೇಗೆ ತೆಗೆಯುತ್ತಾರೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ದರಪಟ್ಟಿ ತಾನಾಗಿಯೇ ಬಿಟ್ಟುಹೋಗುತ್ತದೆ.

ಮೊದಲು ಉಗುರಿನ ಬಗ್ಗೆ ಸ್ವಲ್ಪ

ಉಗುರು ಕೆರಾಟಿನ್ ಎಂಬ ಪ್ರೋಟೀನಿನಿಂದಾದ, ಪದರ ಪದರವಾಗಿರುವ ತೆಳು ಹಾಳೆ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಪೂರ್ತಿ ಹೊಸ ಉಗುರು ಬರಲು ಹೆಚ್ಚುಕಡಿಮೆ 6 ತಿಂಗಳು ಬೇಕು. ಕೂದಲಿನ ಹಾಗೆ ಇದೂ ಸತ್ತ ಭಾಗವಾದ್ದರಿಂದ ಮೇಲ್ಪದರ ಕಿತ್ತುಹೋದರೆ ಅದು ಮತ್ತೆ ಕೂಡಿಕೊಳ್ಳುವುದಿಲ್ಲ. ತೆಳುವಾದ ಉಗುರು ತೆಳುವಾಗಿಯೇ ಬೆಳೆದು ಹೊರಬಂದು ಕತ್ತರಿಸಿಹೋಗಬೇಕು. ಯುಗಾದಿಗೆ ಕೆಡಿಸಿಕೊಂಡ ಉಗುರಿನ ಗುರುತು ನವರಾತ್ರಿಯ ಹೊತ್ತಿಗೂ ತುದಿಯಲ್ಲಿ ಉಳಿದಿರಬಹುದು.

ಎರಡನೆಯದಾಗಿ, ಉಗುರು ನೀರು ಕುಡಿಯುತ್ತದೆ. ನೀರಿನಲ್ಲಿ ನೆನೆದಾಗ ಉಬ್ಬಿ ಮೆತ್ತಗಾಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಇದು ದಿನವೂ ಹಲವು ಸಲ ನಡೆದರೆ ಪದರಗಳ ನಡುವಿನ ಹಿಡಿತ ಸಡಿಲವಾಗಿ ತುದಿ ಸೀಳುತ್ತದೆ. ಮೂರನೆಯದಾಗಿ, ಉಗುರಿನ ಬುಡಕ್ಕೆ ಅಂಟಿಕೊಂಡಿರುವ ತೆಳು ಚರ್ಮ, ಪಾರ್ಲರಿನವರು ಕ್ಯೂಟಿಕಲ್ ಎನ್ನುವುದು, ನೀರು ಮತ್ತು ಸೋಂಕು ಒಳಗೆ ಇಳಿಯದಂತೆ ಆ ಸಂದನ್ನು ಮುಚ್ಚಿರುತ್ತದೆ. ಅದನ್ನು ಕತ್ತರಿಸಿ ತೆಗೆದಾಗ ಕೈ ಅಚ್ಚುಕಟ್ಟಾಗಿ ಕಾಣುವುದು ನಿಜ. ಆದರೆ ಉಗುರುಸುತ್ತು ಆಗುವುದಕ್ಕೆ ದಾರಿ ತೆರೆದುಕೊಳ್ಳುವುದೂ ಅಲ್ಲಿಯೇ.

ಈ ಮೂರು ಸಂಗತಿಗಳೂ ಮಲೆನಾಡಿನಲ್ಲಿ ಬೇರೆಡೆಗಿಂತ ಹೆಚ್ಚು ಮುಖ್ಯವಾಗುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಕಷ್ಟವಾಗಿರುವಾಗ ಪಾತ್ರೆ, ಬಟ್ಟೆ, ಕೊಟ್ಟಿಗೆ ಎಂದು ಓಡಾಡುವ ಕೈಗಳು ಪೂರ್ತಿ ಒಣಗಿರುವ ಹೊತ್ತು ಕಡಿಮೆ. ಮಳೆ ಮುಗಿದ ಮೇಲೆ ಅಡಿಕೆಯ ಕೊನೆಕೊಯ್ಲು, ಅಂದರೆ ಗೊನೆ ಕೊಯ್ಯುವ ಕೆಲಸ, ಶುರುವಾಗುತ್ತದೆ. ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುವವರ ಹೆಬ್ಬೆರಳು, ತೋರುಬೆರಳುಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು: ಚೊಗರು ಉಗುರಿನ ಎರಡೂ ಪಕ್ಕದ ಸಂದಿಗೆ ಇಳಿದು ಕಪ್ಪು ಗೆರೆಯಾಗಿರುತ್ತದೆ, ಬೆರಳ ತುದಿಯ ಚರ್ಮ ಬಿರಿದು ಅದರೊಳಗೂ ಕಪ್ಪು ಸೇರಿರುತ್ತದೆ. ಬೇಸಿಗೆಗೆ ಅಪ್ಪೆಮಿಡಿಯ ಸೊನೆ, ಹಲಸಿನ ಮೇಣ. ದೊಡ್ಡ ನಗರಗಳ ಹವಾನಿಯಂತ್ರಿತ ಕಚೇರಿಯಲ್ಲಿ ಕೂರುವವರಿಗಾಗಿ ಬರೆದ ಸಲಹೆಗಳನ್ನು ಇಂಥ ಕೈಗಳಿಗೆ ಹಾಗೆಯೇ ಅನ್ವಯಿಸಲಾಗದು.

ಸಾದಾ ಮ್ಯಾನಿಕ್ಯೂರ್

ಹಳೆಯ ಬಣ್ಣ ತೆಗೆದು, ಉಗುರು ಕತ್ತರಿಸಿ ಫೈಲ್ ಮಾಡಿ, ಬೆರಳುಗಳನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ, ಬುಡದ ಚರ್ಮವನ್ನು ಹಿಂದಕ್ಕೆ ಸರಿಸಿ, ಕ್ರೀಮಿನಿಂದ ಕೈ ಉಜ್ಜಿ, ಕೊನೆಗೆ ಬೇಸ್ ಕೋಟ್, ಎರಡು ಸಲ ಬಣ್ಣ, ಅದರ ಮೇಲೆ ಟಾಪ್ ಕೋಟ್ ಹಚ್ಚುವುದು ಇದರ ಕ್ರಮ. ಮುಕ್ಕಾಲು ಗಂಟೆಯೊಳಗೆ ಮುಗಿಯುವ ಕೆಲಸ ಇದು. ಇಲ್ಲಿ ಬಳಸುವ ಉಗುರುಬಣ್ಣ ದ್ರಾವಕ ಆವಿಯಾಗಿ ಒಣಗುವಂಥದ್ದು. ಹತ್ತು ನಿಮಿಷದಲ್ಲಿ ಮುಟ್ಟಿದರೆ ಅಂಟದಷ್ಟಾದರೂ ಒಳಗಿನವರೆಗೆ ಗಟ್ಟಿಯಾಗಲು ಕೆಲವು ಗಂಟೆಗಳೇ ಬೇಕು. ಆದ್ದರಿಂದ ಪಾರ್ಲರಿನಿಂದ ಬಂದವರು ನೇರವಾಗಿ ಸಿಂಕಿನ ಮುಂದೆ ನಿಂತರೆ ಅಂಚು ಆ ದಿನವೇ ಏಳುತ್ತದೆ.

ಸಾಮಾನ್ಯವಾಗಿ ಈ ಬಣ್ಣ ಐದರಿಂದ ಏಳು ದಿನ ಚೆನ್ನಾಗಿರುತ್ತದೆ, ನೀರಿನ ಕೆಲಸ ಹೆಚ್ಚಿದ್ದರೆ ಇನ್ನೂ ಕಡಿಮೆ. ಇದನ್ನು ಕೊರತೆಯೆಂದೇ ಎಣಿಸಲಾಗುತ್ತದೆ. ಆದರೆ ಇದರ ಜೊತೆಗೇ ಬರುವ ಅನುಕೂಲವನ್ನು ಗಮನಿಸಬೇಕು: ಅಂಚು ಸುಲಿದ ದಿನ ಹತ್ತಿ ಮತ್ತು ರಿಮೂವರ್ ತೆಗೆದುಕೊಂಡು ಮನೆಯಲ್ಲೇ ಒರೆಸಿಕೊಳ್ಳಬಹುದು. ಯಾರನ್ನೂ ಕಾಯಬೇಕಿಲ್ಲ, ಉಗುರನ್ನು ಕೆರೆಯಬೇಕಿಲ್ಲ. ಮನೆಗೆಲಸ, ತೋಟದ ಕೆಲಸ ಎರಡನ್ನೂ ಮಾಡುವವರಿಗೆ, ವಿಶೇಷವಾಗಿ ಮಳೆಗಾಲದಲ್ಲಿ, ನಾನು ಸೂಚಿಸುವುದು ಇದನ್ನೇ.

ಬಾಳಿಕೆ ಹೆಚ್ಚಿಸಲು ಒಂದು ಉಪಾಯವಿದೆ, ಅದಕ್ಕೆ ಹೆಚ್ಚಿನ ಹಣವೂ ಬೇಡ. ನೆನೆಸಿದ ಉಗುರು ಉಬ್ಬಿರುತ್ತದೆಯಷ್ಟೆ. ಅದರ ಮೇಲೆ ಬಣ್ಣ ಹಚ್ಚಿದರೆ ಉಗುರು ಒಣಗಿ ಕುಗ್ಗುವಾಗ ಬಣ್ಣದ ಪದರ ಅದರೊಂದಿಗೆ ಕುಗ್ಗಲಾರದೆ ಬಿರುಕು ಬಿಡುತ್ತದೆ. ಆದ್ದರಿಂದ ನೀರಿನಲ್ಲಿ ನೆನೆಸದೆ, ಎಣ್ಣೆ ಅಥವಾ ಕ್ರೀಮು ಹಚ್ಚಿ ಚರ್ಮ ಮೆದುಗೊಳಿಸಿ, ಬಣ್ಣಕ್ಕೆ ಮುಂಚೆ ಉಗುರಿನ ಮೇಲಿನ ಜಿಡ್ಡನ್ನು ಪೂರ್ತಿ ಒರೆಸಿ ಮಾಡಿಕೊಡುವಂತೆ ಕೇಳಿ. ಉಗುರಿನ ತುದಿಯ ಅಂಚಿಗೂ ಟಾಪ್ ಕೋಟ್ ತಾಗಿಸುವಂತೆ ಹೇಳಿ. ಬಣ್ಣ ಮೊದಲು ಏಳುವುದು ಅಲ್ಲಿಂದಲೇ.

ಸ್ಪಾ ಮತ್ತು ಪ್ಯಾರಾಫಿನ್

ಸ್ಪಾ ಮ್ಯಾನಿಕ್ಯೂರ್ ಎಂದರೆ ಸಾದಾ ಕ್ರಮಕ್ಕೆ ಸ್ಕ್ರಬ್, ಲೇಪ, ಹೆಚ್ಚು ಹೊತ್ತಿನ ಮಸಾಜ್ ಸೇರಿದ್ದು. ಉಗುರಿನ ಬಣ್ಣದ ಬಾಳಿಕೆ ಇದರಿಂದ ಒಂದು ದಿನವೂ ಹೆಚ್ಚುವುದಿಲ್ಲ. ನೀವು ಹೆಚ್ಚಿಗೆ ಕೊಡುವ ಹಣ ಚರ್ಮಕ್ಕೆ ಮತ್ತು ವಿಶ್ರಾಂತಿಗೆ. ಪ್ಯಾರಾಫಿನ್‌ನಲ್ಲಿ ಸಹಿಸಬಲ್ಲಷ್ಟು ಬಿಸಿಯಾದ ಕರಗಿದ ಮೇಣದಲ್ಲಿ ಕೈಯನ್ನು ಕೆಲವು ಸಲ ಅದ್ದಿ ತೆಗೆದು, ಪ್ಲಾಸ್ಟಿಕ್ ಹೊದಿಸಿ ಕಾಲು ಗಂಟೆ ಬಿಡುತ್ತಾರೆ. ಮೇಣ ತೇವವನ್ನು ಚರ್ಮದೊಳಗೇ ಹಿಡಿದಿಡುವುದರಿಂದ ಒರಟು ಕೈ ಕೆಲವು ದಿನ ಮೃದುವಾಗಿರುತ್ತದೆ. ಸುಲಿತ ಮುಗಿದು ಕೈ ಬಿರಿದಿರುವ ಚಳಿಗಾಲದಲ್ಲಿ ಇದು ನಿಜಕ್ಕೂ ಹಿತ. ಆದರೆ ಹಸಿ ಗಾಯ, ಆಳವಾದ ಬಿರುಕು, ಇಸುಬು ಇದ್ದವರಿಗೆ ಇದು ಬೇಡ. ಸಕ್ಕರೆ ಕಾಯಿಲೆಯಿಂದ ಬೆರಳುಗಳ ಸ್ಪರ್ಶಜ್ಞಾನ ಕಡಿಮೆಯಾಗಿರುವವರಿಗೂ ಬೇಡ, ಏಕೆಂದರೆ ಮೇಣ ಸುಡುತ್ತಿರುವುದು ಅವರಿಗೆ ತಿಳಿಯದೆ ಹೋಗಬಹುದು. ಅದ್ದುವ ಪಾತ್ರೆ ಎಲ್ಲರಿಗೂ ಒಂದೇ ಆಗಿದ್ದರೆ, ನಿಮಗಾಗಿ ಬೇರೆ ಬಟ್ಟಲಿಗೆ ತೆಗೆದು ಬ್ರಷ್‌ನಿಂದ ಹಚ್ಚಲು ಕೇಳಿ.

ಚೊಗರಿನ ಕಲೆಯ ಬಗ್ಗೆ ಒಂದು ಮಾತು. ಯಾವ ಸ್ಕ್ರಬ್ಬೂ ಅದನ್ನು ಒಂದೇ ಸಲಕ್ಕೆ ತೆಗೆಯುವುದಿಲ್ಲ. ಚರ್ಮದ ಮೇಲಿನದು ಚರ್ಮ ಉದುರಿದಂತೆ, ಉಗುರಿನ ಮೇಲಿನದು ಉಗುರು ಬೆಳೆದಂತೆ ಹೋಗಬೇಕು. ಬ್ಲೀಚ್ ಹಾಕಿ ಉಜ್ಜಿದರೆ ಮೊದಲೇ ಬಿರಿದ ಕೈ ಇನ್ನಷ್ಟು ಉರಿಯುತ್ತದೆ. ಕಲೆ ಮುಚ್ಚಬೇಕಾದರೆ ಗಾಢ ಕೆಂಪು, ಕಂದು ಬಣ್ಣಗಳೇ ಸಾಕು.

ಫ್ರೆಂಚ್

ಇದು ಬೇರೆ ವಿಧಾನವಲ್ಲ, ಬಣ್ಣದ ವಿನ್ಯಾಸ: ಉಗುರಿಗೆ ತಿಳಿ ಗುಲಾಬಿ, ತುದಿಗೆ ಬಿಳಿ ಗೆರೆ. ಸಾದಾ ಬಣ್ಣದಲ್ಲೂ ಮಾಡಬಹುದು, ಜೆಲ್‌ನಲ್ಲೂ ಮಾಡಬಹುದು. ಕೈಯಲ್ಲಿ ಉಣ್ಣುವ, ಕೈಯಲ್ಲಿ ಒಗ್ಗರಣೆಗೆ ಅರಿಶಿನ ಹಾಕುವ ಮನೆಗಳಲ್ಲಿ ಆ ಬಿಳಿ ಗೆರೆ ಬಲುಬೇಗ ಹಳದಿಗೆ ತಿರುಗುತ್ತದೆ. ಒಂದು ಸಮಾರಂಭದ ಮಟ್ಟಿಗೆ ಸರಿ.

ಜೆಲ್: ಹೆಚ್ಚು ಯೋಚಿಸಬೇಕಾದದ್ದು ಇಲ್ಲಿ

ಇಂದು ಹೆಚ್ಚು ಜನ ಕೇಳುವುದು ಜೆಲ್ ಪಾಲಿಶನ್ನು. ಇದರ ದ್ರವದಲ್ಲಿ ಮೆಥಾಕ್ರಿಲೇಟ್ ಜಾತಿಯ ರಾಸಾಯನಿಕಗಳಿರುತ್ತವೆ. ನೇರಳಾತೀತ ಬೆಳಕು ಸೂಸುವ ದೀಪದ ಕೆಳಗೆ ಪ್ರತಿ ಪದರವನ್ನೂ ಅರ್ಧದಿಂದ ಎರಡು ನಿಮಿಷ ಹಿಡಿದಾಗ ಅವು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪ್ಲಾಸ್ಟಿಕ್ ಆಗುತ್ತವೆ. ದೀಪದ ಕೆಳಗೆ ಉಗುರು ಚುರುಗುಟ್ಟುವುದು ಈ ಕ್ರಿಯೆಯಲ್ಲಿ ಹುಟ್ಟುವ ಶಾಖದಿಂದ. ಉಗುರು ತೆಳುವಾಗಿದ್ದಷ್ಟೂ, ಜೆಲ್ ದಪ್ಪವಾಗಿದ್ದಷ್ಟೂ ಅದು ಹೆಚ್ಚು. ‘ಶೆಲಾಕ್’ ಎಂಬುದು ಸಿಎನ್‌ಡಿ ಎಂಬ ಅಮೆರಿಕದ ಕಂಪನಿ 2010ರಲ್ಲಿ ತಂದ ಇಂಥದೇ ಒಂದು ಪಾಲಿಶ್. ಅಂಗಡಿಯಲ್ಲಿ ‘ಜೆಲ್ ಫಿನಿಶ್’ ಎಂದು ಬರೆದು ಮಾರುವ ಸಣ್ಣ ಬಾಟಲಿಗಳು ಹೆಚ್ಚಾಗಿ ದೀಪ ಬೇಡದ ಮಾಮೂಲಿ ಬಣ್ಣವೇ. ಎರಡನ್ನೂ ಒಂದೆಂದು ತಿಳಿಯಬಾರದು.

ಜೆಲ್‌ನ ಲಾಭ ಸ್ಪಷ್ಟವಾಗಿದೆ. ದೀಪದಿಂದ ಕೈ ತೆಗೆದ ಕೂಡಲೇ ಕೆಲಸಕ್ಕೆ ಹೊರಡಬಹುದು, ಎರಡು ವಾರ ಹೊಳಪು ಮಾಸುವುದಿಲ್ಲ, ಬಸ್ಸಿನ ಕಂಬಿ ಹಿಡಿದರೂ ಗೀರು ಬೀಳುವುದಿಲ್ಲ. ಶಿವಮೊಗ್ಗದ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ದುಡಿಯುವ, ಮನೆಯ ನೀರಿನ ಕೆಲಸಕ್ಕೆ ಕೈಗವಸು ಹಾಕಿಕೊಳ್ಳಬಲ್ಲ, ಎರಡು ಮೂರು ವಾರಕ್ಕೊಮ್ಮೆ ಪಾರ್ಲರಿಗೆ ಹೋಗಲು ಅಡ್ಡಿಯಿಲ್ಲದವರಿಗೆ ಇದು ಒಳ್ಳೆಯ ಆಯ್ಕೆ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ತೊಂದರೆ ಶುರುವಾಗುವುದು ತೆಗೆಯುವಾಗ. ಸರಿಯಾದ ಕ್ರಮ ಹೀಗಿದೆ: ಮೇಲಿನ ಹೊಳಪಿನ ಪದರವನ್ನಷ್ಟೇ ಫೈಲಿನಿಂದ ಹಗುರವಾಗಿ ಉಜ್ಜಿ ಮಸುಕಾಗಿಸುತ್ತಾರೆ; ಸುತ್ತಲಿನ ಚರ್ಮಕ್ಕೆ ಎಣ್ಣೆ ಅಥವಾ ವ್ಯಾಸಲೀನ್ ಸವರುತ್ತಾರೆ; ಬಣ್ಣ ಕರಗಿಸುವ ಅಸಿಟೋನ್ ದ್ರವದಲ್ಲಿ ಅದ್ದಿದ ಹತ್ತಿಯನ್ನು ಉಗುರಿನ ಮೇಲಿಟ್ಟು ಅಲ್ಯೂಮಿನಿಯಂ ಹಾಳೆಯಿಂದ ಬೆರಳ ತುದಿಯನ್ನು ಸುತ್ತಿ ಹತ್ತರಿಂದ ಹದಿನೈದು ನಿಮಿಷ ಬಿಡುತ್ತಾರೆ. ಬಿಚ್ಚಿದಾಗ ಜೆಲ್ ಸುಕ್ಕುಗಟ್ಟಿ ಉಗುರಿನಿಂದ ಎದ್ದು ನಿಂತಿರಬೇಕು, ಮರದ ಕಡ್ಡಿಯಿಂದ ಮೆಲ್ಲಗೆ ತಳ್ಳಿದರೆ ಜಾರಿ ಬರಬೇಕು. ಎಲ್ಲಾದರೂ ಹಿಡಿದುಕೊಂಡಿದ್ದರೆ ಮತ್ತೆ ಐದು ನಿಮಿಷ ಸುತ್ತಿಡಬೇಕೇ ಹೊರತು ಲೋಹದ ಕಡ್ಡಿಯಿಂದ ಕೆರೆಯಬಾರದು. ಒಟ್ಟು ಅರ್ಧ ಗಂಟೆಯ ತಾಳ್ಮೆಯ ಕೆಲಸ. ಇದನ್ನು ಐದು ನಿಮಿಷದಲ್ಲಿ ಮುಗಿಸಿಕೊಡುವವರು ಮಷಿನ್ನಿನಿಂದ ಉಗುರನ್ನೇ ಉಜ್ಜುತ್ತಿದ್ದಾರೆಂದು ತಿಳಿಯಬೇಕು.

ಅದಕ್ಕಿಂತ ಕೆಟ್ಟದ್ದು ನಾವೇ ಕಿತ್ತುಕೊಳ್ಳುವುದು. ಮೂರನೆಯ ವಾರದಲ್ಲಿ ಒಂದು ಮೂಲೆ ಎದ್ದಿರುತ್ತದೆ, ಟಿವಿ ನೋಡುತ್ತಲೋ ಫೋನಿನಲ್ಲಿ ಮಾತಾಡುತ್ತಲೋ ಇನ್ನೊಂದು ಉಗುರಿನಿಂದ ಅದನ್ನು ಎಬ್ಬಿಸಿದರೆ ಇಡೀ ಪದರ ಒಂದೇ ತುಂಡಾಗಿ ಬರುತ್ತದೆ. ಆ ತುಂಡನ್ನು ತಿರುಗಿಸಿ ನೋಡಿದರೆ ಒಳಮೈಗೆ ಬಿಳಿಯ ಹೊಟ್ಟಿನಂತಹ ಪೊರೆ ಅಂಟಿಕೊಂಡಿರುತ್ತದೆ. ಅದು ನಿಮ್ಮ ಉಗುರಿನ ಮೇಲ್ಪದರ. ಜೆಲ್‌ನಿಂದ ಉಗುರು ಹಾಳಾಯಿತು ಎಂಬ ದೂರುಗಳಲ್ಲಿ ಬಹುಪಾಲು ಈ ಕೀಳುವಿಕೆಯಿಂದ, ಇಲ್ಲವೇ ಅವಸರದ ಉಜ್ಜುವಿಕೆಯಿಂದ ಹುಟ್ಟಿದವು.

ದೀಪದ ಬೆಳಕಿನ ಬಗ್ಗೆ ಕೇಳುವವರಿದ್ದಾರೆ, ಕೇಳಬೇಕಾದದ್ದೇ. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಗೆ ಇಂಥ ದೀಪದ ಬೆಳಕು ಹಾನಿ ಮಾಡಿದ್ದು ಕಂಡುಬಂತು. ಅದು ಬಟ್ಟಲಿನಲ್ಲಿದ್ದ ಜೀವಕೋಶಗಳ ಮೇಲೆ ನಡೆದ ಪ್ರಯೋಗ. ಕೈಗೆ ಮಾಡಿಸಿಕೊಂಡವರಿಗೆ ಕ್ಯಾನ್ಸರ್ ಬರುತ್ತದೆಂದು ಅದು ಸಾಧಿಸಲಿಲ್ಲ. ಆದರೂ ಮುನ್ನೆಚ್ಚರಿಕೆಗೆ ಖರ್ಚೇನೂ ಇಲ್ಲ. ಅಮೆರಿಕದ ಚರ್ಮವೈದ್ಯರ ಅಕಾಡೆಮಿ ದೀಪದ ಕೆಳಗೆ ಕೈಯಿಡುವ ಮೊದಲು ಎಸ್‌ಪಿಎಫ್ 30 ಅಥವಾ ಅದಕ್ಕೂ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಲು, ಇಲ್ಲವೇ ತುದಿ ಕತ್ತರಿಸಿದ ಗಾಢ ಬಣ್ಣದ ಕೈಗವಸು ಹಾಕಲು ಹೇಳುತ್ತದೆ. ಸನ್‌ಸ್ಕ್ರೀನ್ ಉಗುರಿಗೆ ತಾಗದಂತೆ ನೋಡಿಕೊಳ್ಳಬೇಕು, ಜಿಡ್ಡಿನ ಮೇಲೆ ಜೆಲ್ ಹಿಡಿಯುವುದಿಲ್ಲ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಬೆಳಕಿಗಿಂತ ಅಲರ್ಜಿ. ಗಟ್ಟಿಯಾಗದ ಜೆಲ್ ಚರ್ಮಕ್ಕೆ ಪದೇ ಪದೇ ತಾಗಿದರೆ ಅದರಲ್ಲಿನ ಮೆಥಾಕ್ರಿಲೇಟ್‌ಗಳಿಗೆ, ಮುಖ್ಯವಾಗಿ ಹೇಮಾ (HEMA) ಎಂಬುದಕ್ಕೆ, ದೇಹ ಒಗ್ಗದಂತಾಗಬಹುದು. ಬೆರಳ ತುದಿ ತುರಿಸಿ ಕೆಂಪಾಗುವುದು, ಚರ್ಮ ಸೀಳುವುದು, ಉಗುರು ತಳದಿಂದ ಏಳುವುದು, ಕೆಲವೊಮ್ಮೆ ಕೈ ತಾಗಿದ ಕಣ್ಣರೆಪ್ಪೆ ಊದುವುದು ಇದರ ಲಕ್ಷಣಗಳು. ಒಮ್ಮೆ ಹತ್ತಿದ ಈ ಅಲರ್ಜಿ ಸಾಮಾನ್ಯವಾಗಿ ಬಿಡುವುದಿಲ್ಲ. ಹಲ್ಲಿನ ಕೆಲವು ಫಿಲ್ಲಿಂಗ್‌ಗಳಲ್ಲಿ, ಮೂಳೆ ಶಸ್ತ್ರಚಿಕಿತ್ಸೆಯ ಸಿಮೆಂಟಿನಲ್ಲಿ ಇದೇ ಬಳಗದ ರಾಸಾಯನಿಕಗಳಿರುವುದರಿಂದ ಮುಂದೆ ಅಲ್ಲಿಯೂ ತೊಡಕಾಗಬಹುದು. ಯುರೋಪಿಯನ್ ಒಕ್ಕೂಟ 2021ರಿಂದ ಹೇಮಾ ಇರುವ ಉಗುರಿನ ಉತ್ಪನ್ನಗಳನ್ನು ವೃತ್ತಿಯವರ ಬಳಕೆಗಷ್ಟೇ ಸೀಮಿತಗೊಳಿಸಿದೆ. ಜೆಲ್ ಗಟ್ಟಿಯಾಗಲು ಬಳಸುತ್ತಿದ್ದ ಟಿಪಿಒ ಎಂಬ ಇನ್ನೊಂದು ವಸ್ತುವನ್ನು 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಆದ್ದರಿಂದ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ದೀಪ ಮತ್ತು ಜೆಲ್‌ನ ಕಿಟ್ ತರಿಸಿ ಮನೆಯಲ್ಲೇ ಮಾಡಿಕೊಳ್ಳುವುದಕ್ಕೆ ನಾನು ಒಪ್ಪುವುದಿಲ್ಲ. ಪಾರ್ಲರಿನಲ್ಲೂ ಜೆಲ್ ಚರ್ಮದ ಮೇಲೆ ಹರಿದರೆ ದೀಪಕ್ಕೆ ಹಿಡಿಯುವ ಮೊದಲು ಅದನ್ನು ಒರೆಸಿ ತೆಗೆಯುವಂತೆ ಹೇಳಲು ಸಂಕೋಚ ಬೇಡ. ಬಾಟಲಿಯ ಹೆಸರನ್ನೂ ವಿವರವನ್ನೂ ಕೇಳಿ ಓದುವುದು ಗ್ರಾಹಕರ ಹಕ್ಕು.

ಡಿಪ್ ಪೌಡರ್

ಇದಕ್ಕೆ ದೀಪ ಬೇಡ. ಉಗುರಿಗೆ ಒಂದು ಬಗೆಯ ಅಂಟು ಹಚ್ಚಿ ಬಣ್ಣದ ಪುಡಿಯಲ್ಲಿ ಅದ್ದಿ, ಮತ್ತೆ ಅಂಟು, ಮತ್ತೆ ಪುಡಿ ಎಂದು ಪದರ ಕಟ್ಟಿ, ಕೊನೆಗೆ ಗಟ್ಟಿಗೊಳಿಸುವ ದ್ರವ ಹಚ್ಚುತ್ತಾರೆ. ಆ ಅಂಟು ಸಯನೋಅಕ್ರಿಲೇಟ್, ಅಂದರೆ ನಾವು ಮುರಿದ ಸಾಮಾನು ಅಂಟಿಸುವ ಫೆವಿಕ್ವಿಕ್‌ನ ಬಳಗದ್ದು. ಮೂರು ವಾರ ಬಾಳುತ್ತದೆ, ಜೆಲ್‌ಗಿಂತ ಗಟ್ಟಿ. ದೀಪದ ಬೆಳಕು ಬೇಡವೆನ್ನುವವರಿಗೆ ಇದು ದಾರಿ. ಆದರೆ ಪದರ ದಪ್ಪವಾದ್ದರಿಂದ ತೆಗೆಯುವಾಗ ಫೈಲಿನ ಕೆಲಸವೂ ಅಸಿಟೋನ್‌ನಲ್ಲಿ ನೆನೆಯುವ ಹೊತ್ತೂ ಹೆಚ್ಚು. ಇನ್ನೊಂದು ಆಕ್ಷೇಪ ಶುಚಿಯದು: ಎಲ್ಲರ ಬೆರಳೂ ಒಂದೇ ಡಬ್ಬಿಯ ಪುಡಿಯಲ್ಲಿ ಅದ್ದುವುದು ಸರಿಯಲ್ಲ. ಪುಡಿಯನ್ನು ಚಮಚದಿಂದ ಉಗುರಿನ ಮೇಲೆ ಸುರಿದು, ಉಳಿದದ್ದನ್ನು ಡಬ್ಬಿಗೆ ಮರಳಿಸದೆ ಎಸೆಯುವ ಪಾರ್ಲರಾದರೆ ಮಾತ್ರ ಮಾಡಿಸಬಹುದು.

ಎಕ್ಸ್‌ಟೆನ್ಶನ್

ಇಲ್ಲದ ಉದ್ದವನ್ನು ಕಟ್ಟಿಕೊಡುವುದು ಇದರ ಕೆಲಸ. ಅಕ್ರಿಲಿಕ್‌ನಲ್ಲಿ ದ್ರವ ಮತ್ತು ಪುಡಿಯನ್ನು ಬ್ರಷ್‌ನ ತುದಿಯಲ್ಲೇ ಕಲಸಿ ಉಗುರಿನ ಮೇಲೆ ರೂಪ ಕೊಡುತ್ತಾರೆ. ಹಾರ್ಡ್ ಜೆಲ್‌ನಲ್ಲಿ ದಪ್ಪ ಜೆಲ್ಲನ್ನು ದೀಪದ ಕೆಳಗೆ ಗಟ್ಟಿಗೊಳಿಸುತ್ತಾರೆ. ಅಕ್ರಿಲಿಕ್ ಅಸಿಟೋನ್‌ನಲ್ಲಿ ಕರಗುತ್ತದೆ, ಹಾರ್ಡ್ ಜೆಲ್ ಕರಗುವುದಿಲ್ಲ, ಅದನ್ನು ಉಜ್ಜಿಯೇ ತೆಗೆಯಬೇಕು. ಉಗುರು ಬೆಳೆದಂತೆ ಬುಡದಲ್ಲಿ ತೆರವಾಗುವ ಜಾಗವನ್ನು ಎರಡು ಮೂರು ವಾರಕ್ಕೊಮ್ಮೆ ತುಂಬಿಸಬೇಕು. ಇದನ್ನೇ ರೀಫಿಲ್ ಎನ್ನುವುದು. ತುಂಬಿಸದೆ ಬಿಟ್ಟರೆ ಭಾರವೆಲ್ಲ ತುದಿಯ ಕಡೆಗೆ ಸರಿದು, ಎಲ್ಲಾದರೂ ತಗುಲಿದಾಗ ನಿಜವಾದ ಉಗುರೇ ತಳದಿಂದ ಮೇಲೇಳುತ್ತದೆ.

ಅಕ್ರಿಲಿಕ್ ದ್ರವದಲ್ಲಿ ಎಥೈಲ್ ಮೆಥಾಕ್ರಿಲೇಟ್ ಬಳಸುವುದು ಒಳ್ಳೆಯ ಪದ್ಧತಿ. ಅಗ್ಗದ ಮೀಥೈಲ್ ಮೆಥಾಕ್ರಿಲೇಟ್‌ನಿಂದ ಉಗುರಿಗೆ ಹಾನಿಯಾದ, ಅಲರ್ಜಿಯಾದ ದೂರುಗಳ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1970ರ ದಶಕದಲ್ಲೇ ಕ್ರಮ ಕೈಗೊಂಡಿತ್ತು. ವಾಸನೆ ವಿಪರೀತ ಕಟುವಾಗಿದ್ದರೆ, ಉಗುರು ಕಲ್ಲಿನಷ್ಟು ಗಟ್ಟಿಯಾಗಿ ಅಸಿಟೋನ್‌ಗೂ ಜಗ್ಗದಿದ್ದರೆ ಅದೇ ಇರಬಹುದೆಂದು ಅನುಮಾನಿಸಬೇಕು.

ಮಲೆನಾಡಿನ ದಿನಚರಿಗೆ ಇದು ಹೊಂದುವುದಿಲ್ಲ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಅಕ್ಕಿ ರೊಟ್ಟಿಯ ಹಿಟ್ಟನ್ನು ನಾದುವಾಗ ಅದು ಉದ್ದ ಉಗುರಿನ ಅಡಿಗೆ ಸೇರಿ ಗಟ್ಟಿಯಾಗುತ್ತದೆ, ಸಾರನ್ನ ಕಲಸುವಾಗ ತುದಿ ಎಲೆಗೆ ಗೀರುತ್ತದೆ. ಅದಕ್ಕಿಂತ ಗಂಭೀರವಾದದ್ದು ತೇವ. ಕೃತಕ ಉಗುರು ಒಂದು ಬದಿಯಲ್ಲಿ ಸ್ವಲ್ಪ ಎದ್ದರೂ ಸಾಕು, ಒಳಗೆ ಸೇರಿದ ನೀರು ಆರುವುದಿಲ್ಲ. ಅಲ್ಲಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗುತ್ತದೆ. ಆಷಾಢದ ಮಳೆಯಲ್ಲಿ ಇದಕ್ಕಿಂತ ಒಳ್ಳೆಯ ತಾಣ ಆ ಬ್ಯಾಕ್ಟೀರಿಯಾಕ್ಕೆ ಬೇರೆ ಬೇಡ.

ಮೆಗ್ಗಾನ್‌ನಂಥ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಮುಟ್ಟಿ ಆರೈಕೆ ಮಾಡುವವರಿಗಂತೂ ಇದು ಆಯ್ಕೆಯೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈ ಶುಚಿತ್ವದ ಮಾರ್ಗಸೂಚಿ, ಅಂಥವರು ಕೃತಕ ಉಗುರು ಹಾಕಬಾರದು, ಸ್ವಂತ ಉಗುರಿನ ತುದಿಯೂ ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಇರಬೇಕು ಎನ್ನುತ್ತದೆ. ಶಾಲೆಯ ಬಿಸಿಯೂಟ ಮಾಡುವವರಿಗೂ ಎಳೆಮಕ್ಕಳ ತಾಯಂದಿರಿಗೂ ನಾನು ಇದೇ ಮಾತು ಹೇಳುತ್ತೇನೆ.

ಆರತಕ್ಷತೆಯ ಒಂದು ಸಂಜೆಗೆ ಉದ್ದ ಉಗುರು ಬೇಕೇ ಬೇಕು ಎನ್ನುವವರಿಗೆ ಅಂಟುಪಟ್ಟಿಯಿಂದ ಕೂರಿಸುವ ಪ್ರೆಸ್-ಆನ್ ಉಗುರುಗಳಿವೆ. ಮರುದಿನ ಬೆಚ್ಚಗಿನ ಸೋಪಿನ ನೀರಿನಲ್ಲಿ ಕೈಯಿಟ್ಟು, ಎಣ್ಣೆ ಬಿಟ್ಟು ನಿಧಾನವಾಗಿ ಬಿಡಿಸಿಕೊಳ್ಳಬಹುದು. ಆರು ತಿಂಗಳ ಉಗುರನ್ನು ಪಣಕ್ಕಿಡುವ ಅಗತ್ಯವಿಲ್ಲ.

ಡ್ರಿಲ್ಲಿನಂಥ ಮಷಿನ್ನಿನಿಂದ ಕ್ಯೂಟಿಕಲ್ಲನ್ನು ಪೂರ್ತಿ ತೆಗೆಯುವ ರಷ್ಯನ್ ಮ್ಯಾನಿಕ್ಯೂರ್‌ನ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ಮೆಚ್ಚಿದವರು, ಬುಡದ ಚರ್ಮದ ಬಗ್ಗೆ ಮೇಲೆ ಹೇಳಿದ್ದನ್ನು ಇನ್ನೊಮ್ಮೆ ಓದಬೇಕು. ಕೈ ದಿನವೂ ನೀರಿನಲ್ಲಿರುವವರಿಗೆ ಇದು ಬೇಡ.

ಮದುವೆಯ ಕೈಗಳು

ಧಾರೆಯ ಹೊತ್ತಿನಲ್ಲಿ ಮಂಟಪದಲ್ಲಿದ್ದವರೆಲ್ಲರ ಕಣ್ಣೂ, ಕ್ಯಾಮೆರಾವೂ ಇರುವುದು ವಧುವಿನ ಕೈಗಳ ಮೇಲೆಯೇ. ಅದಕ್ಕಾಗಿ ಸ್ವಲ್ಪ ಹೆಚ್ಚು ಖರ್ಚು ಮಾಡುವುದರಲ್ಲಿ ತಪ್ಪಿಲ್ಲ, ಆದರೆ ಕ್ರಮ ತಪ್ಪಬಾರದು. ನೆನೆಸುವ, ಸ್ಕ್ರಬ್ ಮಾಡುವ ಯಾವುದೇ ಮ್ಯಾನಿಕ್ಯೂರ್ ಮೆಹಂದಿಗೆ ಮುಂಚೆ ಆಗಿರಬೇಕು. ನಂತರ ಮಾಡಿಸಿದರೆ ಮೆಹಂದಿಯ ಬಣ್ಣ ಚರ್ಮದ ಮೇಲ್ಪದರದೊಂದಿಗೆ ಉಜ್ಜಿಹೋಗುತ್ತದೆ. ಬೆರಳ ತುದಿಗೆ ಮದರಂಗಿ ಮೆತ್ತುವ ಪದ್ಧತಿ ಮನೆಯಲ್ಲಿದ್ದರೆ ಉಗುರೂ ಕೆಂಪಾಗುತ್ತದೆ, ಮತ್ತು ಚರ್ಮದ ಬಣ್ಣ ಎರಡು ವಾರದಲ್ಲಿ ಮಾಸಿದರೂ ಉಗುರಿನದು ಬೆಳೆದು ಹೋಗುವವರೆಗೆ ಉಳಿಯುತ್ತದೆ. ಅದರ ಮೇಲೆ ಫ್ರೆಂಚ್‌ನ ತಿಳಿ ಗುಲಾಬಿ ಕೂರುವುದಿಲ್ಲ. ಕುಂಕುಮ ಕೆಂಪೋ ಮರೂನೋ ಚೆನ್ನಾಗಿ ಕೂರುತ್ತದೆ. ಫ್ರೆಂಚ್ ಬೇಕೆನ್ನುವವರು ಮೆಹಂದಿಯವರಿಗೆ ಉಗುರು ಬಿಟ್ಟು ಹಚ್ಚಲು ಹೇಳಬೇಕು. ಮೆಹಂದಿಗೆ ಸವರಿದ ನೀಲಗಿರಿ ಎಣ್ಣೆಯ ಜಿಡ್ಡು ಉಗುರಿನ ಮೇಲಿದ್ದರೆ ಜೆಲ್ ಬೇಗ ಏಳುವುದರಿಂದ, ಉಗುರನ್ನಷ್ಟೇ ಚೆನ್ನಾಗಿ ಒರೆಸಿಸಿ, ಮದುವೆಗೆ ಒಂದೆರಡು ದಿನ ಮೊದಲು ಬಣ್ಣ ಹಚ್ಚಿಸಿಕೊಳ್ಳುವುದು ಸೂಕ್ತ.

ದರ ಮತ್ತು ದೂರ

ದರಪಟ್ಟಿಯ ಸಂಖ್ಯೆಯೊಂದನ್ನೇ ನೋಡಿ ಹೋಲಿಸಬೇಡಿ. ಜೆಲ್, ಡಿಪ್, ಎಕ್ಸ್‌ಟೆನ್ಶನ್‌ಗಳಿಗೆ ತೆಗೆಯುವ ಶುಲ್ಕ ಬೇರೆಯೇ, ಒಳಗೇ ಸೇರಿದೆಯೇ, ಒಂದು ವಾರದೊಳಗೆ ಉಗುರು ಎದ್ದರೆ ಉಚಿತವಾಗಿ ಸರಿಪಡಿಸುತ್ತಾರೆಯೇ, ರೀಫಿಲ್‌ಗೆ ಎಷ್ಟು ಎಂಬುದನ್ನು ಕೂರುವ ಮೊದಲೇ ಕೇಳಿ. ಅದಕ್ಕೆ ಪ್ರಯಾಣವನ್ನೂ ಸೇರಿಸಬೇಕು. ತೀರ್ಥಹಳ್ಳಿ ಶಿವಮೊಗ್ಗದಿಂದ ಸುಮಾರು 60 ಕಿಲೋಮೀಟರ್, ಸಾಗರ ಸುಮಾರು 70. ಅಲ್ಲಿಂದಲೂ ಒಳಗಿನ ಊರುಗಳವರು ಜೆಲ್ ತೆಗೆಸಲೆಂದೇ ಮಳೆಯಲ್ಲಿ ಒಂದಿಡೀ ದಿನ ತೆಗೆದಿಡಬೇಕಾಗುತ್ತದೆ, ಅದಾಗದಿದ್ದಾಗಲೇ ಕೀಳುವ ಕೆಲಸ ಶುರುವಾಗುವುದು. ನಿಮ್ಮ ಊರಿನ ಪಾರ್ಲರಿನಲ್ಲೇ ಅಸಿಟೋನ್‌ನಿಂದ ತೆಗೆಯಲು ಬರುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಂಡರೆ ಈ ಪಾಡು ತಪ್ಪುತ್ತದೆ.

ಯಾವುದನ್ನೇ ಆರಿಸಿದರೂ

ಕ್ಯೂಟಿಕಲ್ ಕತ್ತರಿಸಬೇಡಿ, ಹಿಂದಕ್ಕೆ ಸರಿಸಿದರೆ ಸಾಕು ಎಂದು ಮೊದಲೇ ಹೇಳಿ. ಲೋಹದ ಉಪಕರಣಗಳನ್ನು ಆಟೋಕ್ಲೇವ್‌ನಲ್ಲಿ, ಅಂದರೆ ಒತ್ತಡದ ಬಿಸಿ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರದಲ್ಲಿ, ಶುದ್ಧಗೊಳಿಸಿದ್ದಾರೆಯೇ ಎಂದು ಕೇಳಿ. ನೀಲಿ ಬೆಳಕಿನ ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಅವು ರೋಗಾಣುಮುಕ್ತವಾಗುವುದಿಲ್ಲ. ಫೈಲ್, ಬಫರ್, ಮರದ ಕಡ್ಡಿಗಳನ್ನು ಶುದ್ಧಗೊಳಿಸಲು ಬರುವುದೇ ಇಲ್ಲ, ಅವು ಒಬ್ಬರಿಗೆ ಒಂದು ಸಲಕ್ಕೆ. ರಕ್ತ ತಾಗಿದ ಉಪಕರಣದಿಂದ ಹೆಪಟೈಟಿಸ್ ಬಿ ಮತ್ತು ಸಿ ಹರಡಬಲ್ಲವಾದ್ದರಿಂದ, ನಿಮ್ಮದೇ ನೇಲ್ ಕಟರ್, ಫೈಲುಗಳ ಸಣ್ಣ ಚೀಲವೊಂದನ್ನು ಕೊಂಡೊಯ್ಯುವುದು ಅತಿಯಾಯಿತೆಂದು ಯಾರೂ ಅಂದುಕೊಳ್ಳಬೇಕಿಲ್ಲ. ಮನೆಯಲ್ಲಿ ರಾತ್ರಿ ಮಲಗುವ ಮುನ್ನ ಉಗುರಿನ ಬುಡಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ತಿಕ್ಕಿ. ಪಾತ್ರೆ ತೊಳೆಯುವಾಗ ಒಳಗೆ ಹತ್ತಿಯ ಬಟ್ಟೆಯಿರುವ ಕೈಗವಸು ಹಾಕಿ.

ಒಂದು ಜೆಲ್ ತೆಗೆಸಿದ ದಿನವೇ ಇನ್ನೊಂದನ್ನು ಹಚ್ಚಿಸಿಕೊಳ್ಳದೆ ಒಂದೆರಡು ವಾರ ಉಗುರನ್ನು ಬರಿದಾಗಿ ಬಿಡಿ, ಹಗಲು ಬೆಳಕಿನಲ್ಲಿ ನೋಡಿಕೊಳ್ಳಿ. ಬುಡ ಊದಿ ನೋಯುತ್ತಿದ್ದರೆ, ಉಗುರು ಹಸಿರಾಗಿದ್ದರೆ, ತಳದಿಂದ ಎದ್ದು ಬಿಳಿಯಾಗಿದ್ದರೆ ಅದರ ಮೇಲೆ ಬಣ್ಣ ಮುಚ್ಚದೆ ಚರ್ಮವೈದ್ಯರಿಗೆ ತೋರಿಸಬೇಕು. ಒಂದೇ ಉಗುರಿನಲ್ಲಿ ಬುಡದಿಂದ ತುದಿಯವರೆಗೆ ಹೊಸದಾಗಿ ಕಪ್ಪು ಗೆರೆ ಮೂಡಿ ಅಗಲವಾಗುತ್ತಿದ್ದರೆ, ಅದನ್ನು ಚೊಗರಿನ ಕಲೆಯೆಂದು ತಳ್ಳಿಹಾಕದೆ ಆ ವಾರವೇ ತೋರಿಸಬೇಕು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದ್ದರೆ ಬಣ್ಣವನ್ನೂ ಕೃತಕ ಉಗುರನ್ನೂ ಮುಂಚಿತವಾಗಿ ತೆಗೆಸಿಕೊಂಡು ಹೋಗಿ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಸಾಧನದ ಓದಿಗೆ ಗಾಢ ಬಣ್ಣ ಅಡ್ಡಿಯಾಗಬಹುದು.